ಪುಕ್ಕಟೆ ದವಾಖಾನೆ ಮತ್ತು ಊರವರ ಪಾಲು



ಮೇಡ್ಲೇರಿ ಹೋಬಳಿಯ ಯಾವ ಹಳ್ಳಿಯವರನ್ನು ಕೇಳಿದರೂ ಸರಕಾರಿ ದವಾಖಾನೆ ಎಲ್ಲಿದೆಯೆಂದು ಹೇಳುವರು. ಅಲ್ಲಿ ಮಾತ್ರೆ, ಸೂಜಿಮದ್ದು, ಕಫದ ಪರೀಕ್ಷೆ ಇವೆಲ್ಲ ಪುಕ್ಕಟೆಯೆಂಬದೂ ಹೆಚ್ಚಿನವರಿಗೆ ಗೊತ್ತು. ಹೀಗಿದ್ದರೂ ಮೈಯಲ್ಲಿ ಬೇನೆಯಿಟ್ಟುಕೊಂಡು ಮನೆಯಲ್ಲೇ ಕೂತವರು ಓಣಿಗೊಬ್ಬರಾದರೂ ಸಿಗುವರು. ಇದು ಹಳ್ಳಿಯವರ ಅಜ್ಞಾನವೆಂದು ಪಟ್ಟಣದವರು ಬೇಗನೆ ಹೇಳಿಬಿಡುತ್ತಾರೆ. ಆ ಮಾತು ಪೂರ್ತಿ ಸರಿಯಲ್ಲ. ಔಷಧ ಪುಕ್ಕಟೆಯಾದರೂ ದವಾಖಾನೆಯ ದಾರಿ ಪುಕ್ಕಟೆಯಲ್ಲ. ಒಂದು ದಿನದ ಕೂಲಿ ಹೋಗುವದು, ಬಸ್ಸಿನ ದಾರಿ ಕಾಯಬೇಕಾಗುವದು, ಮನೆಯಲ್ಲಿ ದನಕ್ಕೆ ಮೇವು ಹಾಕುವವರು ಬೇಕು, ಮುದುಕರಿಗೆ ಜೊತೆಗೊಬ್ಬರು ಬೇಕು. ಇದಲ್ಲದೆ ನಾಲ್ಕು ಮಂದಿ ಏನೆಂದಾರು ಎಂಬ ಅಂಜಿಕೆಯೂ ಇದೆ. ಇಷ್ಟನ್ನೂ ದವಾಖಾನೆಯ ಔಷಧದ ಕಪಾಟು ತುಂಬಿಕೊಡಲಾರದು. ಓಣಿಯವರು ಮಾತ್ರ ತುಂಬಿಕೊಡಬಹುದು. ಅದು ಹೇಗೆಂಬದನ್ನು ಇಲ್ಲಿ ವಿಚಾರ ಮಾಡೋಣ.

ಹಳ್ಳಿಗಾಡಿಗೆ ಇಂಥ ದವಾಖಾನೆಗಳು ಬಂದುದು ಬಹಳ ಹಿಂದಿನ ಮಾತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕೆಂದು ಭೋರ್ ಸಮಿತಿಯು 1946ರಲ್ಲಿ ಸೂಚಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಸುರುವಾದಾಗ ಬ್ಲಾಕಿಗೊಂದು ಕೇಂದ್ರವೆಂಬ ಏರ್ಪಾಡು ಅದರ ಬೆನ್ನಿಗೆ ಬಂದಿತು. ಆಗ ನಮ್ಮ ರಾಣಿಬೆನ್ನೂರು ತಾಲೂಕು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆಯಾದುದು 1997ರಲ್ಲಿ. ಈಗ ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಇರಬೇಕೆಂಬ ಲೆಕ್ಕವಿದೆ. 2005ರ ಬಳಿಕ ಸುಮಾರು ಸಾವಿರ ಜನಕ್ಕೊಬ್ಬರಂತೆ ಆಶಾ ಕಾರ್ಯಕರ್ತೆಯರೂ ಬಂದಿದ್ದಾರೆ. ಇವರು ಹೊರಗಿನವರಲ್ಲ, ಬಹುತೇಕ ನಿಮ್ಮ ಊರಿನ ಸೊಸೆಯಂದಿರೇ. ಆದುದರಿಂದ ದವಾಖಾನೆಯೆಂದರೆ ಹೋಬಳಿ ಊರಿನ ಆ ಕಟ್ಟಡವೊಂದೇ ಎಂದು ತಿಳಿಯಬಾರದು. ಚೀಲ ಹೆಗಲಿಗೆ ಹಾಕಿಕೊಂಡು ನಿಮ್ಮ ಕಟ್ಟೆಯ ಮುಂದೆ ಹಾಯ್ದು ಹೋಗುವ ಆಶಾ ತಾಯಿ ಕೂಡ ದವಾಖಾನೆಯೇ.

ಕ್ಷಯರೋಗದ ಮಾತನ್ನು ತುಸು ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಈ ವಿಷಯದಲ್ಲಿ ಕರ್ನಾಟಕದ ಹಳ್ಳಿಗಳೇ ದೇಶಕ್ಕೆ ಪಾಠ ಕಲಿಸಿವೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರಿಗೆ ಕ್ಷಯದ ಅರಿವಿಲ್ಲ, ಅರಿವಿದ್ದರೂ ಲಕ್ಷ್ಯವಿಲ್ಲ ಎಂಬದು ಆಗ ಬಲ್ಲವರೆನಿಸಿಕೊಂಡವರ ಮಾತಾಗಿತ್ತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗ ತಗುಲಿದವರನ್ನೇ ವಿಚಾರಿಸಿ ನೋಡಿದರು. 1963ರಲ್ಲಿ ಅವರ ವರದಿ ಪ್ರಕಟವಾಯಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧದಷ್ಟು ಮಂದಿ ಸರಕಾರಿ ದವಾಖಾನೆಗೆ ಹೋಗಿಯೂ ಬಂದಿದ್ದರು! ಅಲ್ಲಿ ಕಫ ಪರೀಕ್ಷಿಸುವ ಬದಲು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಅವರನ್ನು ಮನೆಗೆ ಕಳುಹಿಸಲಾಗಿತ್ತು. ಅಂದರೆ ರೋಗಿ ಬಂದಿದ್ದನು, ದವಾಖಾನೆಯೇ ಅವನನ್ನು ಗುರುತಿಸಲಿಲ್ಲ.

ಅದೇ ಕಾಲಕ್ಕೆ ಮದ್ರಾಸಿನಲ್ಲಿ ಇನ್ನೊಂದು ದೊಡ್ಡ ಸಂಗತಿ ಗೊತ್ತಾಯಿತು. ಕ್ಷಯವಾದವರನ್ನು ಊರಿಂದ ದೂರದ ಆರೋಗ್ಯಧಾಮಗಳಲ್ಲಿ ತಿಂಗಳುಗಟ್ಟಲೆ ಇಡಬೇಕೆಂಬದು ಅಲ್ಲಿಯ ವರೆಗಿನ ಪದ್ಧತಿ. 1956ರಿಂದ ನಡೆಸಿದ ಪ್ರಯೋಗದಲ್ಲಿ, ಬಡವರ ಇಕ್ಕಟ್ಟಾದ ಮನೆಯಲ್ಲಿದ್ದೇ ಮಾತ್ರೆ ನುಂಗಿದವರೂ ಆರೋಗ್ಯಧಾಮದವರಷ್ಟೇ ಗುಣಹೊಂದಿದರು. ಮನೆಯ ಉಳಿದವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. ಇದು 1959ರಲ್ಲಿ ಪ್ರಕಟವಾಯಿತು. ಇವುಗಳ ಆಧಾರದ ಮೇಲೆಯೇ 1962ರಿಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಪರೀಕ್ಷೆಯೂ ಔಷಧವೂ ರೋಗಿಯ ಮನೆಗೆ ಹತ್ತಿರದ ಸಾದಾ ದವಾಖಾನೆಯಲ್ಲೇ ಸಿಗಬೇಕೆಂಬದು ಅದರ ತಿರುಳು. ಇಂದು ನಿಮ್ಮ ಹೋಬಳಿಯಲ್ಲೇ ಕಫ ಕೊಡಲು ಸಾಧ್ಯವಾಗಿರುವದು ಆ ತುಮಕೂರಿನ ರೈತರಿಂದಲೆಂದರೆ ತಪ್ಪಾಗದು.

ಹಾಗಾದರೆ ಯಾರು ಹೋಗಬೇಕು? ಎರಡು ವಾರ ದಾಟಿದರೂ ಬಿಡದ ಕೆಮ್ಮು, ಸಂಜೆಯ ಹೊತ್ತು ಬರುವ ಸಣ್ಣ ಜ್ವರ, ಉಣ್ಣಲು ಬೇಡವೆನಿಸುವದು, ಅಂಗಿ ಸಡಿಲಾಗುವಷ್ಟು ತೂಕ ಇಳಿಯುವದು, ರಾತ್ರಿ ಬೆವರುವದು, ಕಫದಲ್ಲಿ ರಕ್ತದ ಎಳೆ ಕಾಣುವದು, ಇವುಗಳಲ್ಲಿ ಒಂದಿದ್ದರೂ ಹೋಗಬೇಕು. ದವಾಖಾನೆಯಲ್ಲಿ ಬರೇ ಕೆಮ್ಮಿನ ಔಷಧ ಕೊಟ್ಟರೆ, "ಸಾಹೇಬರೇ, ಎರಡು ವಾರದಿಂದ ಕೆಮ್ಮಿದೆ, ಕಫ ತಪಾಸಣೆ ಮಾಡಿರಿ" ಎಂದು ನೀವೇ ಕೇಳಿರಿ. ಕೇಳುವದಕ್ಕೆ ಸಂಕೋಚ ಬೇಡ. ಕೊಡಬೇಕಾದದ್ದು ಉಗುಳಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ; ಬೆಳಗಿನದು ಉತ್ತಮ.

ರೋಗ ಇದೆಯೆಂದು ಗೊತ್ತಾದರೆ ಸಾಮಾನ್ಯವಾಗಿ ಆರು ತಿಂಗಳು ದಿನವೂ ಮಾತ್ರೆ ತೆಗೆದುಕೊಳ್ಳಬೇಕು. ತೊಡಕು ಬರುವದು ಇಲ್ಲಿಯೇ. ಒಂದೆರಡು ತಿಂಗಳಲ್ಲಿ ಕೆಮ್ಮು ನಿಲ್ಲುವದು, ಹಸಿವೆ ಹುಟ್ಟುವದು, ಮೈಗೆ ಕಸುವು ಬರುವದು. ಅಷ್ಟರಲ್ಲಿ ಬಿತ್ತಿಗೆಯೋ, ಹತ್ತಿ ಬಿಡಿಸುವದೋ, ಗೋವಿನಜೋಳದ ರಾಶಿಯೋ ಬಂದಿರುತ್ತದೆ. ಇನ್ನೇಕೆ ಮಾತ್ರೆ ಎಂದು ಬಿಟ್ಟುಬಿಡುವರು. ಮೇಲಿನ ಕರಕಿ ಕೊಯ್ದು ಬೇರು ಹೊಲದಲ್ಲೇ ಬಿಟ್ಟಂತೆ ಇದು. ಉಳಿದ ಬೇರು ಮತ್ತೆ ಚಿಗುರುವದಲ್ಲದೆ, ಮೊದಲಿನ ಮಾತ್ರೆಗೆ ಬಗ್ಗದಂಥ ರೋಗವಾಗಿ ಚಿಗುರಬಹುದು. ಆಗಿನ ಚಿಕಿತ್ಸೆ ಹೆಚ್ಚು ಕಠಿಣ. ಇನ್ನು ಮಾತ್ರೆ ತೆಗೆದುಕೊಂಡಾಗ ಮೂತ್ರ ಕೇಸರಿ ಬಣ್ಣವಾಗುವದುಂಟು. ಅದಕ್ಕೆ ಹೆದರಿ ಮಾತ್ರೆ ಬಿಟ್ಟವರೂ ಇದ್ದಾರೆ. ಅದು ಔಷಧದ ಬಣ್ಣ, ಅಪಾಯವಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅಂದೇ ವೈದ್ಯರಿಗೆ ತೋರಿಸಬೇಕು. ಸೆರೆ ಕುಡಿಯುವ ಚಟವಿದ್ದವರು ಈ ಆರು ತಿಂಗಳಾದರೂ ಅದನ್ನು ಮುಟ್ಟಬಾರದು. ದುಡಿಯಲು ಗೋವೆಗೋ ಮಂಗಳೂರಿಗೋ ಹೋಗುವವರು ಮೊದಲೇ ತಿಳಿಸಿದರೆ ಅಲ್ಲಿಯ ದವಾಖಾನೆಯಲ್ಲಿ ಔಷಧ ಮುಂದುವರಿಯುವಂತೆ ಬರೆದುಕೊಡುವರು.

ಊರವರ ಪಾಲು ಯಾವುದು? ಮೊದಲನೆಯದು ಮುಯ್ಯಿ. ಬಿತ್ತಿಗೆಯಲ್ಲಿ, ಕೊಯ್ಲಿನಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವದು ನಮ್ಮಲ್ಲಿ ಹೊಸದಲ್ಲ. ರೋಗಿಯ ಮನೆಗೂ ತಿಂಗಳಲ್ಲಿ ಒಂದು ದಿನ ಹಾಗೆ ಹೋದರೆ ಅವನು ನಿಶ್ಚಿಂತೆಯಿಂದ ದವಾಖಾನೆಗೆ ಹೋಗಿ ಬರಬಹುದು. ದಿನವೂ ಮಾತ್ರೆ ನುಂಗಿದರೋ ಇಲ್ಲವೋ ಎಂದು ವಿಚಾರಿಸಲು ಪಕ್ಕದ ಮನೆಯ ಅಕ್ಕನೊಬ್ಬಳು ಸಾಕು, ಅದಕ್ಕೆ ಡಾಕ್ಟರೇ ಬೇಕಾಗಿಲ್ಲ.

ಎರಡನೆಯದು ಊಟ. ಇದನ್ನು ಹಲವರು ಹಗುರಾಗಿ ನೋಡುತ್ತಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಂಗಡಿಗರೊಡನೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಗಳ 10,345 ಮಂದಿಯನ್ನೂ ಕೂಡಿಸಿಕೊಂಡು ಒಂದು ಪ್ರಯೋಗ ನಡೆಸಿದರು. ರೋಗಿಗೆ ಔಷಧದ ಜೊತೆಗೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಕೆಲವು ಕಡೆ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕಾಳುಕಡಿ ಸಿಕ್ಕ ಮನೆಗಳ ಉಳಿದವರಲ್ಲಿ ಹೊಸದಾಗಿ ಕ್ಷಯ ತಗುಲುವದು ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳು ಸಾಯುವದೂ ಬಹಳ ಕಡಿಮೆಯಾಗಿತ್ತು. ಬೇಳೆಯ ಸಾರು ಕೂಡ ಔಷಧದ ಕೆಲಸ ಮಾಡುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕಾಗಿ ಸರಕಾರವು 2018ರಿಂದ ತಿಂಗಳಿಗೆ 500 ರೂ. ಕೊಡುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ರೂ. ಮಾಡಿದೆ. ಹಣ ಬ್ಯಾಂಕ್ ಖಾತೆಗೆ ಬರುವದು. ಖಾತೆಯಿಲ್ಲದ ಮುದುಕರಿಗೆ, ಓದುಬರಹ ಬಾರದವರಿಗೆ ಅದನ್ನು ಮಾಡಿಸಿಕೊಡುವದು ಊರಿನ ಓದಿದ ಹುಡುಗರು ಅರ್ಧ ದಿನದಲ್ಲಿ ಮುಗಿಸಬಹುದಾದ ಕೆಲಸ. 2022ರಿಂದ 'ನಿಕ್ಷಯ ಮಿತ್ರ' ಎಂಬ ಏರ್ಪಾಡೂ ಇದೆ. ಒಬ್ಬರಾಗಲಿ, ಸಹಕಾರಿ ಸಂಘವಾಗಲಿ, ಹಾಲಿನ ಡೇರಿಯಾಗಲಿ, ಮಹಿಳಾ ಸಂಘವಾಗಲಿ ರೋಗಿಯೊಬ್ಬರಿಗೆ ಚಿಕಿತ್ಸೆ ಮುಗಿಯುವ ವರೆಗೆ ಆಹಾರದ ಪೊಟ್ಟಣ ಕೊಡುವ ಹೊಣೆ ಹೊರಬಹುದು. ನಮ್ಮ ಸಂಘಗಳು ಜಾತ್ರೆಗೆ ಪಟ್ಟಿ ಎತ್ತುವದರಲ್ಲಿ ಹಿಂದೆ ಬಿದ್ದವಲ್ಲ, ಇದಕ್ಕೂ ಎತ್ತಬಹುದು.

ಮೂರನೆಯದು ನಾಲಿಗೆಯ ಮೇಲಿನ ಹಿಡಿತ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆಂದು ಕ್ಷಯವನ್ನು ಮುಚ್ಚಿಡುವ ತಂದೆತಾಯಿಗಳು ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಮುಚ್ಚಿಡುವಂತೆ ಮಾಡಿದವರು ನಾವೇ. ಈ ರೋಗ ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆ. ಗಂಗಾಳದಿಂದ, ಹಾಸಿಗೆಯಿಂದ, ಮುಟ್ಟುವದರಿಂದ ಹರಡುವದಿಲ್ಲ. ತಕ್ಕ ಔಷಧ ಸುರುವಾದ ಕೆಲವು ವಾರಗಳಲ್ಲಿ ಅಂಟುವ ಗುಣವೂ ಬಹಳ ತಗ್ಗುವದು. ಆ ವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದಿಟ್ಟರೆ ಸಾಕು. ಮನೆಯ ಉಳಿದವರನ್ನೂ ತಪಾಸಣೆ ಮಾಡಿ, ಬೇಕಾದವರಿಗೆ ರೋಗ ಬಾರದಂತೆ ಮಾತ್ರೆ ಕೊಡುವರು. ಅದೂ ಪುಕ್ಕಟೆಯೇ.

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತು ಬೇರೆ. ಕ್ಷಯ ಕೆಮ್ಮಿಯಾದರೂ ತಿಳಿಸುತ್ತದೆ, ರಕ್ತದೊತ್ತಡ ಅಷ್ಟೂ ತಿಳಿಸುವದಿಲ್ಲ. ನೇಗಿಲು ಹೊಡೆಯುವ ಗಟ್ಟಿ ಮನುಷ್ಯ ಒಂದು ಬೆಳಿಗ್ಗೆ ಲಕ್ವಾ ಹೊಡೆದು ಬಿದ್ದಾಗಲೇ ಮನೆಯವರಿಗೆ ಗೊತ್ತಾಗುವದು. ಆದುದರಿಂದ 30 ವರ್ಷ ದಾಟಿದವರೆಲ್ಲ ಬೇನೆಯಿಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಬೇಕು. ಮನೆಮನೆಗೆ ಹೋಗಿ ಇದನ್ನು ನೋಡಲೆಂದೇ ರಾಜ್ಯ ಸರಕಾರವು 2024ರಲ್ಲಿ ಕೋಲಾರದಿಂದ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿತು. ಆರೋಗ್ಯ ಸಿಬ್ಬಂದಿ ಬಂದಾಗ "ಹೊಲಕ್ಕೆ ಹೊತ್ತಾಯಿತು" ಎಂದು ಎದ್ದು ಹೋಗಬೇಡಿರಿ. ತೋಳಿಗೆ ಪಟ್ಟಿ ಕಟ್ಟಿ ನೋಡಲು ಐದು ನಿಮಿಷ ಸಾಕು. ಮಾತ್ರೆ ಹಚ್ಚಿದರೆ ಅದು ಜ್ವರದ ಮಾತ್ರೆಯಂತೆ ಮೂರು ದಿನದ್ದಲ್ಲ, ದಿನವೂ ನುಂಗುವಂಥದು. ತಿಂಗಳಿಗೊಮ್ಮೆ ತರಬೇಕಾದ ಈ ಮಾತ್ರೆಯನ್ನು ಓಣಿಯ ಹತ್ತು ಮುದುಕರು ಹತ್ತು ಸಾರಿ ಬಸ್ಸು ಹತ್ತಿ ತರುವ ಬದಲು, ಆಶಾ ಅವರನ್ನೂ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಕೇಳಿ, ಊರಿನ ಹತ್ತಿರವೇ ಕೊಡುವಂತೆ ಗೊತ್ತುಪಡಿಸಿಕೊಳ್ಳಿರಿ.

ಮಾತ್ರೆ ತೀರಿದೆಯೆಂದು ಬರಿಗೈಲಿ ಕಳುಹಿಸಿದರೆ ಏನು ಮಾಡಬೇಕು? ನರ್ಸಮ್ಮನೊಡನೆ ಜಗಳವಾಡಿ ಫಲವಿಲ್ಲ, ಮಾತ್ರೆ ಆಕೆಯ ಮನೆಯಿಂದ ಬರುವದಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿಯೆಂಬದಿದೆ, ಹಳ್ಳಿಗೆ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಿದೆ. ಯಾವ ದಿನ, ಯಾವ ಮಾತ್ರೆ ಇರಲಿಲ್ಲವೆಂಬದನ್ನು ಕಾಗದದ ಮೇಲೆ ಬರೆದು ಅಲ್ಲಿ ಕೊಡಿರಿ, ಗ್ರಾಮಸಭೆಯಲ್ಲಿ ಓದಿಸಿರಿ. ಸಮಿತಿಯ ಸದಸ್ಯರು ಯಾರೆಂಬದೇ ಗೊತ್ತಿಲ್ಲದ ಊರುಗಳಲ್ಲಿ ಮೊದಲ ಕೆಲಸ ಅವರ ಹೆಸರು ಕೇಳುವದು.

ಮಳೆಗಾಲ ಬಂತೆಂದರೆ ಹೊಲದಲ್ಲಿ, ಬಣವೆಯ ಬುಡದಲ್ಲಿ ಹಾವಿನ ಭಯ. ಇಲ್ಲಿ ಆರು ತಿಂಗಳ ಮಾತಿಲ್ಲ, ಗಳಿಗೆಯ ಲೆಕ್ಕ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಸೂಜಿಮದ್ದು ಇದೆ, ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುವರು. ಆದುದರಿಂದ ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿದು ಕಟ್ಟಬಾರದು. ಬಳೆ, ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ಕೋಲು ಕಟ್ಟಿ, ನಡೆಸದೆ ಎತ್ತಿಕೊಂಡು ಒಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವದು, ನೋವು, ಬಾವು ಅಷ್ಟಾಗಿ ಕಾಣದು. ಬೆಳಿಗ್ಗೆ ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲಿದರೆ ಕೂಡಲೆ ಹೊರಡಿರಿ. ಮಂತ್ರ ಹಾಕಿಸುವವರ ಮನೆಯ ಮುಂದೆ ಕಳೆದ ಹೊತ್ತು ತಿರುಗಿ ಬರುವದಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ಸರಕಾರಕ್ಕೆ ವರದಿ ಮಾಡಬೇಕಾದ ಕಾಯಿಲೆಯೆಂದು ಸಾರಿದೆ. ಎಷ್ಟು ಮಂದಿಗೆ ಕಚ್ಚಿತೆಂಬ ಲೆಕ್ಕ ಸಿಕ್ಕರೆ ಔಷಧವನ್ನು ಎಲ್ಲಿ ಎಷ್ಟಿಡಬೇಕೆಂಬದೂ ಗೊತ್ತಾಗುವದು.

ಈ ವಾರ ದವಾಖಾನೆಗೆ ಹೋದವರು ಹಾವಿನ ವಿಷದ ಸೂಜಿಮದ್ದು ಇಲ್ಲಿ ಇದೆಯೇ, ಇಲ್ಲದಿದ್ದರೆ ರಾಣಿಬೆನ್ನೂರಿಗೇ ನೇರ ಹೋಗಬೇಕೇ ಎಂದು ಈಗಲೇ ಕೇಳಿ ಬನ್ನಿರಿ. ರಾತ್ರಿ ಹೊತ್ತು ಹೊರಡಬಲ್ಲ ಗಾಡಿಯವರು ಊರಿನಲ್ಲಿ ಯಾರಿದ್ದಾರೆಂದು ನೋಡಿ, ಅವರ ಒಪ್ಪಿಗೆ ಪಡೆದು, ಅವರ ಫೋನ್ ನಂಬರನ್ನೂ ಅದರ ಪಕ್ಕದಲ್ಲಿ 108 ಎಂಬದನ್ನೂ ಪಂಚಾಯತಿ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯಿಸಿರಿ.