ಗುಡ್ಡೆ ಇಳಿಯುವ ಮೊದಲು ಬ್ರೇಕ್ ಹಿಡಿಯಲು ಕಲಿಯಲಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಊರಿನ ಗುಡ್ಡೆಯಲ್ಲಿ ಒಬ್ಬ ಹುಡುಗ ಸೈಕಲ್‌ನಿಂದ ಬಿದ್ದ. ಎಂಟನೇ ಕ್ಲಾಸಿನವನು. ಗಲ್ಫಿನಿಂದ ರಜೆಗೆ ಬಂದಿದ್ದ ಉಪ್ಪ ತೆಗೆಸಿಕೊಟ್ಟ ಗೇರ್ ಸೈಕಲ್. ರಬ್ಬರ್ ತೋಟದ ಇಳಿಜಾರಿನಲ್ಲಿ ವೇಗ ಜಾಸ್ತಿಯಾದಾಗ ಹೆದರಿ ಮುಂದಿನ ಬ್ರೇಕನ್ನು ಪೂರ್ತಿ ಹಿಡಿದುಬಿಟ್ಟ. ಸೈಕಲ್ ನಿಂತಿತು, ಹುಡುಗ ನಿಲ್ಲಲಿಲ್ಲ. ಭುಜದ ಎಲುಬು ಮುರಿಯಿತು. ಹೆಲ್ಮೆಟ್ ಇರಲಿಲ್ಲ, ತಲೆಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

"ಇನ್ನು ಅದನ್ನು ಮುಟ್ಟಿದರೆ ನೋಡು" ಎಂದು ಉಮ್ಮ ಗದರಿಸಿದರು. ಸೈಕಲ್ ಈಗ ಮನೆಯ ಹಿಂದೆ ತುಕ್ಕು ಹಿಡಿಯುತ್ತಿದೆ.

ಉಮ್ಮನ ಹೆದರಿಕೆ ಸಹಜ. ಆದರೆ ತಪ್ಪು ಸೈಕಲಿನದ್ದೂ ಅಲ್ಲ, ಪೂರ್ತಿ ಹುಡುಗನದ್ದೂ ಅಲ್ಲ. ಅವನಿಗೆ ಬ್ರೇಕ್ ಹಿಡಿಯುವುದು ಹೇಗೆ ಎಂದು ಯಾರೂ ಕಲಿಸಿರಲಿಲ್ಲ. ಸೈಕಲ್ ಕಲಿಯುವುದು ಅಂದರೆ ಬೀಳದೆ ತುಳಿಯುವುದು ಎಂದೇ ನಾವು ತಿಳಿದಿದ್ದೇವೆ.

ಕಾಗವಾಡದ ಕಾಕಾ

ಕೆಲವು ವರ್ಷಗಳ ಹಿಂದೆ ನಾನು ಬೆಳಗಾವಿ ಜಿಲ್ಲೆಯ ಕಾಗವಾಡದ ಕಡೆ ಎರಡು ವರ್ಷ ಇದ್ದೆ. ಅಥಣಿಯಿಂದ ಬೇರೆಯಾಗಿ ತಾಲೂಕಾದ ಊರು ಅದು. ಮಹಾರಾಷ್ಟ್ರದ ಗಡಿ, ಮೀರಜ್ ಹತ್ತಿರ. ಕೃಷ್ಣಾ ನದಿಯ ಬಯಲು, ಎಲ್ಲಿ ನೋಡಿದರೂ ಕಬ್ಬು. ನಮ್ಮಲ್ಲಿರುವಂಥ ಗುಡ್ಡೆ ಅಲ್ಲಿ ಕಾಣಸಿಗುವುದಿಲ್ಲ. ಆದರೆ ಸೈಕಲ್ ಹುಚ್ಚು ಮಾತ್ರ ನಮಗಿಂತ ಹೆಚ್ಚು. ಆ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿ ಓಡಿಸುವ ಹಾಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ.

ಹಿಂದೆ ಶರ್ಯತ್ತು ಓಡಿಸುತ್ತಿದ್ದ ಒಬ್ಬ ಕಾಕಾ ಸಂಜೆ ಹೊತ್ತು ಏಳೆಂಟು ಹುಡುಗರನ್ನು ಹೊಲದ ದಾರಿಗೆ ಕರೆದುಕೊಂಡು ಹೋಗುತ್ತಿದ್ದರು. ಗಾಡಿ ಚಕ್ರ ಕೊರೆದ ಜಾಡು, ಹೊಲದ ಬದು, ಕಾಲುವೆಯ ಏರಿ, ಇಷ್ಟೇ ಅವರ ಮೈದಾನ. ಮೊದಲ ದಿನ ಅವರು ಯಾರಿಗೂ ಓಡಿಸಲು ಬಿಡಲಿಲ್ಲ. ನೆಲದಲ್ಲಿ ಸುಣ್ಣದ ಗೆರೆ ಎಳೆದರು. ಚಕ್ರ ಜಾರದೆ, ಸದ್ದಾಗದೆ ಗೆರೆಯ ಮೇಲೆ ನಿಲ್ಲಿಸಬೇಕು. ಒಬ್ಬ ಹುಡುಗ ಮುಖ ಸಣ್ಣ ಮಾಡಿದಾಗ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ತಮ್ಮಾ, ಓಡಸೂದು ಯಾರಿಗರೆ ಬರ್ತದ. ನಿಂದರ್ಸೂದು ಮೊದಲ ಕಲಿ."

ಮದ್ರಸದಲ್ಲಿ ಅಲಿಫ್, ಬಾ ದಾಟದೆ ಸೂರತ್ ಓದಿಸುವುದುಂಟಾ? ಇದೂ ಹಾಗೆಯೇ.

ಪಾಠದ ಕ್ರಮ

ಗುಡ್ಡೆ, ಕಾಡು, ಕಲ್ಲು ದಾರಿಯಲ್ಲಿ ಓಡಿಸುವುದಕ್ಕೆ ಮೌಂಟನ್ ಬೈಕಿಂಗ್ ಎನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಹಳೆ ಸೈಕಲ್ ಇಳಿಸುತ್ತಿದ್ದ ಯುವಕರಿಂದ ಬೆಳೆದ ಆಟ ಇದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿತು. ಇದರ ಪಾಠಗಳು ಕಷ್ಟದವಲ್ಲ. ಕ್ರಮ ತಪ್ಪಬಾರದು ಅಷ್ಟೆ.

ಮೊದಲು ಬ್ರೇಕ್. ಯಾವ ಕೈಯ ಹಿಡಿ ಯಾವ ಚಕ್ರಕ್ಕೆ ಎಂದು ನೋಡಿಕೊಳ್ಳಬೇಕು, ಎಲ್ಲ ಸೈಕಲ್‌ನಲ್ಲೂ ಒಂದೇ ಥರ ಇರುವುದಿಲ್ಲ. ಬ್ರೇಕ್ ಹಿಡಿದಾಗ ಮೈಭಾರ ಮುಂದಕ್ಕೆ ಬರುತ್ತದೆ. ಆದ್ದರಿಂದ ಸೈಕಲನ್ನು ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೆ, ಎತ್ತಿ ಬಿಸಾಡುವುದೂ ಅದೇ. ಎರಡನ್ನೂ ಒಟ್ಟಿಗೆ, ಮೆಲ್ಲ ಮೆಲ್ಲ, ಒಂದೊಂದು ಬೆರಳಲ್ಲಿ ಒತ್ತಬೇಕು. ಸಣ್ಣ ಮಕ್ಕಳ ಬೆರಳು ಹಿಡಿಗೆ ಎಟುಕುವುದಿಲ್ಲ. ಹಿಡಿಯನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಹೆಚ್ಚಿನ ಗೇರ್ ಸೈಕಲ್‌ನಲ್ಲಿ ಇರುತ್ತದೆ. ಅಂಗಡಿಯವರಲ್ಲಿ ಕೇಳಿ ಮಾಡಿಸಿ.

ಎರಡನೆಯದು ನಿಲ್ಲುವ ಭಂಗಿ. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರಬಾರದು. ಎರಡು ಪೆಡಲ್ ಸಮ ಮಾಡಿ ಅದರ ಮೇಲೆ ನಿಲ್ಲಬೇಕು. ಮೊಣಕೈ, ಮೊಣಕಾಲು ಸ್ವಲ್ಪ ಬಾಗಿರಬೇಕು, ಸೊಂಟ ಹಿಂದಕ್ಕೆ ಹೋಗಬೇಕು. ಆಗ ಕಲ್ಲು, ಬೇರು ಬಂದರೆ ಪೆಟ್ಟನ್ನು ಕೈಕಾಲು ತಡೆಯುತ್ತದೆ. ಇಳಿಯುವ ಮೊದಲು ಸೀಟನ್ನು ತಗ್ಗಿಸಿದರೆ ಇನ್ನೂ ಸುಲಭ.

ಮೂರನೆಯದು ಕಣ್ಣು. ಕಲ್ಲನ್ನೇ ನೋಡಿದರೆ ಚಕ್ರ ಕಲ್ಲಿಗೇ ಹೋಗುತ್ತದೆ. ಹೋಗಬೇಕಾದ ಜಾಗವನ್ನು ನೋಡಬೇಕು.

ನಂತರ ತಿರುವು. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಬೇಕು. ಹೊರಗಿನ ಕಾಲು ಕೆಳಗೆ. ಸಡಿಲ ಮಣ್ಣಿನ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿಯೇ ಜಾರುತ್ತದೆ.

ಸಮತೋಲಕ್ಕೆ ಒಳ್ಳೆಯ ಅಭ್ಯಾಸ ನಮ್ಮ ಶಾಲೆಗಳ ಹಳೆ ಆಟ, ಸ್ಲೋ ಸೈಕಲ್. ಕಾಲು ನೆಲಕ್ಕೆ ತಾಗದೆ ಕೊನೆಗೆ ಬಂದವನೇ ಗೆದ್ದ!

ಎರಡು ಮಣ್ಣು, ಒಂದೇ ಪಾಠ

ಕಾಗವಾಡದ ಕರಿ ಮಣ್ಣು ಮಳೆ ಬಂದರೆ ಚಕ್ರಕ್ಕೆ ಮೆತ್ತಿಕೊಂಡು ಸೈಕಲನ್ನೇ ಕಟ್ಟಿಹಾಕುತ್ತದೆ. ಆ ದಿನ ಕಾಕಾ ಪಾಠ ಮಾಡುತ್ತಿರಲಿಲ್ಲ, ಚೈನ್ ತೊಳೆದು ಎಣ್ಣೆ ಹಾಕಿಸುತ್ತಿದ್ದರು. ನಮ್ಮ ಮುರಕಲ್ಲು ಮೆತ್ತುವುದಿಲ್ಲ, ಪಾಚಿ ಕಟ್ಟಿ ಜಾರುತ್ತದೆ. ಬೇಸಿಗೆಯಲ್ಲಿ ಅದರ ಮೇಲಿನ ಸಣ್ಣ ಹರಳು ಗೋಲಿಯ ಹಾಗೆ ಉರುಳುತ್ತದೆ. ಹಾಗಾಗಿ ನಮ್ಮ ಮಕ್ಕಳಿಗೆ ಬ್ರೇಕಿನ ಪಾಠ ಇನ್ನೂ ಹೆಚ್ಚು ಬೇಕು.

ಕಲಿಸುವವರಿಗೂ ಕೆಲವು ನಿಯಮ ಉಂಟು. ಏಳೆಂಟಕ್ಕಿಂತ ಹೆಚ್ಚು ಮಕ್ಕಳು ಬೇಡ. ಒಬ್ಬ ದೊಡ್ಡವರು ಮುಂದೆ, ಒಬ್ಬರು ಎಲ್ಲರ ಹಿಂದೆ. ದಿನಕ್ಕೆ ಒಂದೇ ಪಾಠ. ಮೊದಲು ಸಮತಟ್ಟು, ಆಮೇಲೆ ಸಣ್ಣ ಇಳಿಜಾರು. ಹೊಸ ದಾರಿಯನ್ನು ಮೊದಲು ನಡೆದೇ ನೋಡಬೇಕು. ಹೆದರಿಕೆಯಾದವನು ಇಳಿದು ತಳ್ಳಿಕೊಂಡು ಹೋದರೆ ಯಾರೂ ನಗಬಾರದು. ಕಾಕಾನ ಹುಡುಗರಲ್ಲಿ ಯಾರಾದರೂ ನಕ್ಕರೆ ಆ ದಿನ ನಕ್ಕವನೇ ಸೈಕಲ್ ತಳ್ಳಬೇಕಿತ್ತು.

ಹೆಲ್ಮೆಟ್ ಇಲ್ಲದವನಿಗೆ ಪಾಠವಿಲ್ಲ. ಅದು ಹುಬ್ಬಿನಿಂದ ಎರಡು ಬೆರಳಷ್ಟು ಮೇಲೆ ಕೂರಬೇಕು, ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಮತ್ತೆ ಬಳಸಬಾರದು.

ನಮ್ಮ ಮಕ್ಕಳಿಗೂ ಆಗಬಹುದು

ಈ ಆಟದಲ್ಲಿ ಉತ್ತರ ಕರ್ನಾಟಕದ ಮಕ್ಕಳು ತುಂಬ ಮುಂದೆ ಇದ್ದಾರೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆ ಸೈಕ್ಲಿಂಗ್‌ಗೆ ಕ್ರೀಡಾ ವಸತಿ ನಿಲಯಗಳಿವೆ, ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆಯೇ ಇದೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಗದಗದಲ್ಲಿ. ಅಲ್ಲಿ ಓದುವವರಲ್ಲಿ ರೈತರ, ಕೂಲಿಯವರ ಮಕ್ಕಳು ಬಹಳ. ನಮ್ಮಲ್ಲಿ ಗುಡ್ಡೆ ಉಂಟು, ಸೈಕಲ್ ಉಂಟು. ಜೊತೆಗೆ ನಿಂತು ಕಲಿಸುವ ದೊಡ್ಡವರು ಇಲ್ಲ.

ಇನ್ನೊಂದು ಮಾತು. ಸೈಕಲ್ ಮೂಲೆಗೆ ಹೋದ ಮನೆಯಲ್ಲಿ ಹದಿನಾಲ್ಕು, ಹದಿನೈದರ ಹುಡುಗನ ಕೈಗೆ ಸ್ಕೂಟರ್ ಕೀ ಬರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ದಂಡ ಕಟ್ಟಬಹುದು, ಹೋದ ಜೀವವನ್ನು ಎಲ್ಲಿಂದ ತರುವುದು ಮಾರಾಯ್ರೆ? ಸೈಕಲ್‌ನಲ್ಲಿ ಬ್ರೇಕ್, ತಿರುವು, ತಾಳ್ಮೆ ಕಲಿತ ಹುಡುಗ ನಾಳೆ ಬೈಕ್ ಹಿಡಿದಾಗಲೂ ಅದನ್ನು ಮರೆಯುವುದಿಲ್ಲ.

ಜಮಾಅತಿನ ಯುವಕರು ರಜಾ ದಿನ ಎರಡು ಗಂಟೆ ಕೊಟ್ಟರೆ ಸಾಕು. ಶಾಲೆಯ ಮೈದಾನ, ಒಂದು ಹಿಡಿ ಸುಣ್ಣ, ಏಳೆಂಟು ಹೆಲ್ಮೆಟ್. ಹೆಣ್ಣುಮಕ್ಕಳಿಗೂ ಬೇರೆ ಹೊತ್ತು ಇಟ್ಟುಕೊಳ್ಳಬಹುದು, ಬ್ರೇಕ್ ಅವರಿಗೂ ಬೇಕಲ್ಲ?

ನಮ್ಮ ಊರಿನ ಆ ಹುಡುಗನ ಭುಜ ಈಗ ಸರಿಯಾಗಿದೆ. ಮೊನ್ನೆ ದಾರಿಯಲ್ಲಿ ಸಿಕ್ಕಿ ಮೆಲ್ಲ ಕೇಳಿದ: "ಉಸ್ತಾದ್, ಉಮ್ಮನ ಹತ್ರ ನೀವೊಮ್ಮೆ ಹೇಳ್ತೀರಾ?" ಹೇಳುತ್ತೇನೆ ಎಂದಿದ್ದೇನೆ. ಮೊದಲು ಹೆಲ್ಮೆಟ್, ಆಮೇಲೆ ಸುಣ್ಣದ ಗೆರೆ, ಗುಡ್ಡೆಯ ಮಾತು ಅದರ ನಂತರ.