ಕೂಸಿನ ಕಣ್ಣು, ದೂರದ ವೈದ್ಯ

ಶಿಡ್ಲಘಟ್ಟದಲ್ಲಿಯೋ ಚಿಂತಾಮಣಿಯಲ್ಲಿಯೋ ಎಂಟು ತಿಂಗಳು ತುಂಬುವ ಮೊದಲೇ ಒಂದು ಕೂಸು ಹುಟ್ಟಿತೆನ್ನೋಣ. ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿ, ಆಮ್ಲಜನಕ ಕೊಟ್ಟು, ವೈದ್ಯರು ಅದರ ಪ್ರಾಣವನ್ನು ಉಳಿಸಿದರು. ಅಪಾಯ ಕಳೆಯಿತೆಂದು ಮನೆಯವರು ನಂಬಿದರು. ಆದರೆ ಆ ಕೂಸಿನ ಕಣ್ಣಿನೊಳಗೆ ಇನ್ನೊಂದು ಅಪಾಯ ಆಗತಾನೇ ಮೊದಲಾಗಿರಬಹುದು. ಹೊರಗಿನಿಂದ ನೋಡುವವರಿಗೆ ಅದು ಕಾಣದು.

ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ಮೇಲೆ ರಕ್ತನಾಳಗಳು ಗರ್ಭದ ಸುಮಾರು 16ನೆಯ ವಾರದಿಂದ ಹಬ್ಬತೊಡಗಿ, 40ನೆಯ ವಾರದ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ದಿನತುಂಬದೆ ಹುಟ್ಟಿದ ಕೂಸಿನಲ್ಲಿ ಈ ಕೆಲಸ ನಡುವೆಯೇ ನಿಲ್ಲುವುದು. ಆಮ್ಲಜನಕ ಮಿತಿಮೀರಿದರೆ ನಾಳಗಳು ಮತ್ತಷ್ಟು ಕುಗ್ಗುವುವು. ಕೆಲವು ವಾರಗಳ ಮೇಲೆ, ರಕ್ತ ದೊರೆಯದ ಅಂಚಿನ ಭಾಗವು ನಾಳಗಳನ್ನು ಬೆಳೆಸುವ ದ್ರವ್ಯವನ್ನು ಅತಿಯಾಗಿ ಸ್ರವಿಸುತ್ತದೆ. ಆಗ ಹುಟ್ಟುವ ನಾಳಗಳು ದಾರಿತಪ್ಪಿ ಬೆಳೆದು, ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕೀಳಬಲ್ಲವು. ಬಾಸ್ಟನ್ನಿನ ಟೆರಿ ಎಂಬ ವೈದ್ಯರು ಈ ರೋಗವನ್ನು 1942ರಲ್ಲಿ ವರ್ಣಿಸಿದರು. ಸಕಾಲದಲ್ಲಿ ಲೇಸರ್ ಚಿಕಿತ್ಸೆ ನಡೆದರೆ ದೃಷ್ಟಿ ಬಹುಮಟ್ಟಿಗೆ ಉಳಿಯುವುದು. ಆದರೆ ಚಿಕಿತ್ಸೆ ಬೇಕೆಂದು ಕಂಡಮೇಲೆ ಕಾಯಬಹುದಾದ ಅವಧಿ ಎರಡು ಮೂರು ದಿನಗಳು ಮಾತ್ರ.

ಹಾಗಾದರೆ ನೋಡಿ ಹೇಳುವವರು ಯಾರು? ಚಿಕ್ಕಬಳ್ಳಾಪುರ, ಗೌರಿಬಿದನೂರುಗಳಿಂದ ಬೆಂಗಳೂರು ಸುಮಾರು 60ರಿಂದ 80 ಕಿಲೋಮೀಟರು. ಭೂಪಟದಲ್ಲಿ ಇದು ಹತ್ತಿರವೇ. ಹಸಿ ಬಾಣಂತಿಯೊಬ್ಬಳು ಒಂದೂವರೆ ಕಿಲೋ ತೂಗುವ ಕೂಸನ್ನು ಹೊತ್ತು ಮತ್ತೆ ಮತ್ತೆ ಬಸ್ಸು ಹತ್ತಬೇಕಾದಾಗ ಅದೇ ದೂರ ಬೇರೆಯಾಗುತ್ತದೆ. ಬೀದರ, ರಾಯಚೂರುಗಳ ಮಾತನ್ನು ಹೇಳುವುದೇ ಬೇಡ.

ಈ ಪ್ರಶ್ನೆಯನ್ನೇ ತಮ್ಮ ಸಂಶೋಧನೆಯ ವಿಷಯವಾಗಿಸಿಕೊಂಡವರು ನೇತ್ರತಜ್ಞ ಡಾ. ಆನಂದ್ ವಿನೇಕರ್. ಚಂಡೀಗಢದಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಕಂಡ ಕೂಸುಗಳನ್ನು ಕುರಿತು ಅವರೂ ಸಂಗಡಿಗರೂ 2007ರಲ್ಲಿ ಪ್ರಕಟಿಸಿದ ಲೇಖನ, 1250 ಗ್ರಾಂ ಮೀರಿದ ಭಾರತೀಯ ಶಿಶುಗಳಲ್ಲಿಯೂ ರೋಗ ತೀವ್ರವಾಗಬಹುದೆಂದು ತೋರಿಸಿತು. ಪಾಶ್ಚಾತ್ಯರ ಅಳತೆಗೋಲನ್ನು ಹಾಗೆಯೇ ಬಳಸಿದ್ದರೆ ಇಂಥ ಹಲವರು ಪರೀಕ್ಷೆಯಿಂದಲೇ ತಪ್ಪಿಹೋಗುತ್ತಿದ್ದರು. ಇಂದು ನಮ್ಮ ದೇಶದಲ್ಲಿ 34 ವಾರಗಳೊಳಗೆ ಹುಟ್ಟಿದ, ಅಥವಾ 2000 ಗ್ರಾಂಗಿಂತ ಕಡಿಮೆ ತೂಗುವ ಕೂಸಿನ ಕಣ್ಣನ್ನು 30 ದಿನಗಳೊಳಗೆ ಪರೀಕ್ಷಿಸಬೇಕೆಂಬ ನಿಯಮವಿದೆ.

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಅವರು 'ಕಿಡ್‌ರಾಪ್' ಎಂಬ ಯೋಜನೆಯನ್ನು ಆರಂಭಿಸಿದರು. ಹೆಸರು ಕಿವಿಗೆ ಒರಟು. ಕೆಲಸ ಬಹು ನಾಜೂಕಿನದು. ತರಬೇತಿ ಪಡೆದ ತಂತ್ರಜ್ಞರು ಸಾಗಿಸಬಲ್ಲ ಕ್ಯಾಮೆರಾವನ್ನು ಜಿಲ್ಲೆಯ ಆಸ್ಪತ್ರೆಗಳಿಗೆ ಕೊಂಡೊಯ್ದು, ನೋವರಿಯದಂತೆ ಔಷಧದ ಹನಿ ಹಾಕಿ, ಮಸೂರವನ್ನು ಕೂಸಿನ ಕಣ್ಣಿಗೆ ಮೃದುವಾಗಿ ತಾಗಿಸಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಚಿತ್ರಗಳು ಅಂತರಜಾಲದ ಮೂಲಕ ದೂರದ ತಜ್ಞರ ಸ್ಮಾರ್ಟ್‌ಫೋನನ್ನು ಸೇರುತ್ತವೆ. ಕೆಂಪು ಗುರುತೆಂದರೆ ಚಿಕಿತ್ಸೆ, ಕಿತ್ತಳೆ ಎಂದರೆ ಮರುಪರೀಕ್ಷೆ, ಹಸುರೆಂದರೆ ಬಿಡುಗಡೆ.

ಚಿತ್ರ ಕಳುಹಿಸುವುದು ಸುಲಭದ ಭಾಗವೆಂದೇ ನಮ್ಮ ಅಭಿಪ್ರಾಯ. ವೈದ್ಯರಲ್ಲದವರು ಚಿತ್ರವನ್ನು ನೋಡಿ ಸ್ಥಳದಲ್ಲಿಯೇ ಬಣ್ಣ ನಿರ್ಣಯಿಸಬಹುದೇ? ತಪ್ಪಿದರೆ ಒಂದು ಮಗು ಕುರುಡಾಗುವುದು. ಆದಕಾರಣ 1601 ಶಿಶುಗಳ 6339 ಪರೀಕ್ಷೆಗಳಲ್ಲಿ ತಂತ್ರಜ್ಞರ ತೀರ್ಪನ್ನು ತಜ್ಞರ ತೀರ್ಪಿನೊಡನೆ ಹೋಲಿಸಲಾಯಿತು. ಅತ್ಯುನ್ನತ ದರ್ಜೆಯ ತಂತ್ರಜ್ಞರ ತೀರ್ಪು ನೂರಕ್ಕೆ 94.3ರಷ್ಟು ಹೊಂದಿಕೆಯಾಯಿತು, ಚಿಕಿತ್ಸೆ ಬೇಕಿದ್ದ ಕೂಸುಗಳಲ್ಲಿ ಕಣ್ತಪ್ಪಿದವು ನೂರಕ್ಕೆ 0.4, ಎಂದರೆ ಸಾವಿರಕ್ಕೆ ನಾಲ್ಕು. 2014ರಲ್ಲಿ ಈ ವರದಿ ಹೊರಬಂದಾಗ ಯೋಜನೆ ಕರ್ನಾಟಕದ 81 ನವಜಾತ ಶಿಶುಘಟಕಗಳನ್ನು ಮುಟ್ಟಿತ್ತು.

ಕ್ಯಾಮೆರಾ ಮಾತ್ರ ವಿದೇಶದ್ದು, ದುಬಾರಿಯದು. ಬೆಂಗಳೂರಿನ ಫೋರಸ್ ಸಂಸ್ಥೆಯವರು 'ನಿಯೋ' ಎಂಬ ಕಡಿಮೆ ಬೆಲೆಯ ಕ್ಯಾಮೆರಾವನ್ನು ನಿರ್ಮಿಸಿದರು. ಅದನ್ನು ಒರೆಗೆ ಹಚ್ಚಿದ ಅಧ್ಯಯನವನ್ನು ವಿನೇಕರ್ ತಂಡ 2019ರಲ್ಲಿ ಪ್ರಕಟಿಸಿತು.