ಹೇಂಟೆ ಇಲ್ಲದ ಕಾವು

ಐದನೆಯ ರಾತ್ರಿ ಮನೆಯ ದೀಪ ಆರಿಸಿ, ತತ್ತಿಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ನೋಡಿ. ಕೆಂಪು ಜೇಡವೊಂದು ಕಾಲು ಚಾಚಿ ಕೂತಂತೆ ರಕ್ತನಾಳಗಳು! ನಡುವೆ ಕಪ್ಪು ಚುಕ್ಕೆ. ಅರೆ, ಅದು ಅಲುಗಿತು! ಹೃದಯ ಬಡಿಯತೊಡಗಿ ಆಗಲೇ ಎರಡು ದಿನ ದಾಟಿದೆ. ಆಮ್ಲೆಟ್ ಆಗಿ ಹೋಗಬಹುದಾಗಿದ್ದ ತತ್ತಿ ಅದು. ಸುತ್ತಮುತ್ತ ಎಲ್ಲಿಯೂ ಹೇಂಟೆ ಇಲ್ಲ. ಔಷಧಿ ಅಂಗಡಿಯಿಂದ ತಂದ ಥರ್ಮಾಕೋಲ್ ಡಬ್ಬಿ, ಎರಡು ಬಲ್ಬು, ಹಳೆಯ ಕಂಪ್ಯೂಟರಿನಿಂದ ಕಿತ್ತ ಫ್ಯಾನು, ಒಂದು ಬಟ್ಟಲು ನೀರು. ತಾಯಿ ಅಂದರೆ ಇಷ್ಟೇ!

ಬಲ್ಬು ಎಲ್‌ಇಡಿ ಆಗಿರಬಾರದು, ಮುಟ್ಟಿದರೆ ಕೈ ಸುಡುವ ಹಳೆಯ ತಂತಿ ಬಲ್ಬೇ ಬೇಕು. ಬೆಳಕಿಗಿಂತ ಬಿಸಿಯೇ ಹೆಚ್ಚೆಂದು ನಾವೆಲ್ಲ ಬೈದು ಮೂಲೆಗೆ ಹಾಕಿದ ಬಲ್ಬಿಗೆ ಇಲ್ಲಿ ಆ ಬಿಸಿಗಾಗಿಯೇ ಮರ್ಯಾದೆ. ಡಬ್ಬಿಯ ಒಳಗಿನ ಗಾಳಿ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು, ಅದೂ 21 ದಿನ. ಅದನ್ನು ಕಾಯುವುದು ಡಬ್ಲ್ಯೂ 1209 ಎಂಬ, ಅಂಗೈಯೊಳಗೆ ಅಡಗುವ ಸರ್ಕ್ಯೂಟ್ ಬೋರ್ಡು. ಬಿಸಿ ಏರಿದರೆ ‘ಟಕ್’ ಎಂದು ಬಲ್ಬು ಆರಿಸುತ್ತದೆ, ಇಳಿದರೆ ಹೊತ್ತಿಸುತ್ತದೆ. ಈ ‘ಟಕ್’ ಸದ್ದಿನ ಮೂಲ ಎಲ್ಲಿದೆ ಗೊತ್ತೇ? 17ನೇ ಶತಮಾನದ ಆರಂಭದಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಜಾಣ ಒಂದು ಒಲೆ ಮಾಡಿದ. ಬಿಸಿಯಾದಾಗ ಮದ್ಯಸಾರ ಹಿಗ್ಗಿ, ಪಾದರಸವನ್ನು ತಳ್ಳಿ, ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತಿತ್ತು. ಬೆಂಕಿ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು! ಅದನ್ನು ಅವನು ಬಳಸಿದ ಕೆಲಸಗಳಲ್ಲೊಂದು ತತ್ತಿಗೆ ಕಾವು ಕೊಡುವುದು. ಇವತ್ತು ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಏಸಿ ಎಲ್ಲದರೊಳಗೂ ಕೂತಿರುವ ಥರ್ಮೋಸ್ಟಾಟಿನ ಪೂರ್ವಜ ಕೋಳಿಮರಿಗಳ ದಾದಿಯಾಗಿತ್ತು.

ಅದಕ್ಕಿಂತ ಎಷ್ಟೋ ಹಿಂದೆ, ಈಜಿಪ್ಟಿನಲ್ಲಿ ತಿಪ್ಪೆಯ ಬಿಸಿಯಲ್ಲಿ ತತ್ತಿ ಹೂತು ಮರಿ ಮಾಡುತ್ತಾರೆಂದು ಅರಿಸ್ಟಾಟಲ್ ಬರೆದಿಟ್ಟಿದ್ದ. ಅಲ್ಲಿಯ ಮಣ್ಣಿಟ್ಟಿಗೆಯ ಕಾವುಮನೆಗಳಲ್ಲಿ ಸಾವಿರಾರು ತತ್ತಿಗಳು ಒಟ್ಟಿಗೆ ಒಡೆಯುತ್ತಿದ್ದವು. ಥರ್ಮಾಮೀಟರ್ ಇರಲಿಲ್ಲ. ಕೆಲಸದವರು ತತ್ತಿಯನ್ನು ಕಣ್ಣರೆಪ್ಪೆಗೆ ತಾಗಿಸಿ ಕಾವು ಹಿಡಿಯುತ್ತಿದ್ದರು!

ಆದರೆ ಯಾದಗಿರಿ ತಾಲ್ಲೂಕಿನ ಹೋಬಳಿ ಊರು ಬಳಿಚಕ್ರದಲ್ಲಿ ಈ ಡಬ್ಬಿ ಹೂಡಿದರೆ ಕಥೆ ತಲೆಕೆಳಗಾಗುತ್ತದೆ. ಪುಸ್ತಕಗಳೆಲ್ಲ ಬಿಸಿ ಮಾಡುವುದು ಹೇಗೆಂದು ಹೇಳುತ್ತವೆ. ಈ ಸೀಮೆಯ ಚಿಂತೆಯೋ ತಂಪು ಮಾಡುವುದು ಹೇಗೆಂಬುದು. ಏಪ್ರಿಲ್-ಮೇ ಮಧ್ಯಾಹ್ನ 40 ದಾಟಿತೆಂದರೆ ಡಬ್ಬಿಯ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಬಿಸಿ. ಬೋರ್ಡು ಬಲ್ಬನ್ನು ಆರಿಸೀತು, ಬಿಸಿಲನ್ನು ಆರಿಸಲಾರದು. ಅದರ ಮೇಲೆ, ಅರ್ಧ ದಾರಿ ದಾಟಿದ ಭ್ರೂಣ ತಾನೇ ಬಿಸಿ ಹೊರಹಾಕತೊಡಗುತ್ತದೆ. ಇಲ್ಲೊಂದು ವಿಚಿತ್ರ ನೋಡಿ. ಕರೆಂಟ್ ಹೋಗಿ ತತ್ತಿ ಒಂದೆರಡು ತಾಸು ತಣ್ಣಗಾದರೂ ಮರಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಹೇಂಟೆ ಕೂಡ ದಿನಕ್ಕೊಮ್ಮೆ ಮೇವು-ನೀರಿಗೆ ಎದ್ದು ಹೋಗುತ್ತದಲ್ಲ! ಆದರೆ ಎರಡು-ಮೂರು ಡಿಗ್ರಿ ಹೆಚ್ಚಾಗಿ ಕೆಲವು ತಾಸು ಹಾಗೆಯೇ ನಿಂತರೆ ಕೆಲಸ ಕೆಟ್ಟಿತು. ಹಾಗಾಗಿ ಡಬ್ಬಿ ಇಡುವ ಜಾಗ ದಪ್ಪ ಗೋಡೆಯ ಒಳಕೋಣೆ, ತಗಡಿನ ಶೆಡ್ಡಂತೂ ಅಲ್ಲವೇ ಅಲ್ಲ. ನನ್ನನ್ನು ಕೇಳಿದರೆ, ಮೃಗಶಿರ ಮಳೆ ಬೀಳುವ ತನಕ ತಡೆಯುವುದೇ ಜಾಣತನ.

ಬೇಸಿಗೆಯ ಇನ್ನೊಂದು ಮಾಯೆ ಡಬ್ಬಿಗಿಂತ ಮೊದಲೇ ಶುರುವಾಗುತ್ತದೆ. ಹೇಂಟೆ ತತ್ತಿ ಇಡುವ ಹೊತ್ತಿಗೇ ಒಳಗಿನ ಭ್ರೂಣ ಸಾವಿರಾರು ಜೀವಕೋಶಗಳ ಬಿಲ್ಲೆಯಾಗಿರುತ್ತದೆ. ಸುಮಾರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ನಿದ್ದೆ ಹೋಗುತ್ತದೆ. ಹನ್ನೆರಡು ದಿನ ಹಿಂದಿನ ತತ್ತಿಯೂ ನಿನ್ನೆಯ ತತ್ತಿಯೂ ಒಂದೇ ದಿನ ಒಡೆಯುವ ಗುಟ್ಟು ಈ ನಿದ್ದೆ. ಆದರೆ ಇಲ್ಲಿಯ ಬೇಸಿಗೆಯಲ್ಲಿ ನಡುಮನೆಯ ಮೂಲೆಯೂ ಅಷ್ಟು ತಂಪಾಗುವುದಿಲ್ಲ. ಬುಟ್ಟಿಯಲ್ಲಿಟ್ಟ ತತ್ತಿ ಅರೆನಿದ್ದೆಯಲ್ಲೇ ಸ್ವಲ್ಪ ಬೆಳೆದು, ಬಳಲಿ, ಸಾಯುತ್ತದೆ. ಒದ್ದೆ ಉಸುಕಿನಲ್ಲಿ ಕೂರಿಸಿದ ಮಣ್ಣಿನ ಗಡಿಗೆಯಲ್ಲಿ ತತ್ತಿ ಕಾಯ್ದಿಡುವ ಹಳ್ಳಿಯ ಉಪಾಯಕ್ಕೆ ಎಂಥ ವಿಜ್ಞಾನ!

ಇಷ್ಟೆಲ್ಲ ಉಸಾಬರಿ ಯಾಕೆ, ಹೇಂಟೆಯೇ ಕೂರಲಿ ಅನ್ನಬಹುದು. ನಾಟಿ ಹೇಂಟೆ ಹತ್ತು-ಹದಿನೈದು ತತ್ತಿ ಇಟ್ಟು ಕಾವಿಗೆ ಕೂತಿತೆಂದರೆ, ಮರಿ ಮಾಡಿ ಬೆಳೆಸುವ ತನಕ ತಿಂಗಳುಗಟ್ಟಲೆ ಮತ್ತೆ ತತ್ತಿ ಇಡುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ಗಿರಿರಾಜ ತಳಿಗೆ ಕಾವಿಗೆ ಕೂರುವ ಗುಣವೇ ಅಪರೂಪ. ಡಬ್ಬಿ ಕೂತರೆ ಹೇಂಟೆಗೆ ಬಿಡುವು.

ಬಿಡುವು ಸಿಕ್ಕದೇ ಹೋಗುವುದು ಮನೆಯವರಿಗೆ. ದಿನಕ್ಕೆ ಮೂರು ಇಲ್ಲವೇ ಐದು ಸಲ ತತ್ತಿ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಪೊರೆಗೆ ಅಂಟೀತು. ಬೆಸ ಸಂಖ್ಯೆ ಯಾಕೆಂದರೆ ದೀರ್ಘ ರಾತ್ರಿಯನ್ನು ತತ್ತಿ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯಬಾರದು. ಪೆನ್ಸಿಲ್ಲಿನಿಂದ ಒಂದು ಬದಿಗೆ ಸೊನ್ನೆ, ಇನ್ನೊಂದು ಬದಿಗೆ ಗುಣಾಕಾರದ ಗುರುತು ಹಾಕಿದರಾಯಿತು. ಒಣಗಾಳಿಯ ಸೀಮೆಯಾದ್ದರಿಂದ ಬಟ್ಟಲಿನ ನೀರು ಬೇಗ ಬತ್ತುತ್ತದೆ. ತೇವಾಂಶ ಶೇ 50ರ ಆಸುಪಾಸಿನಲ್ಲಿರಬೇಕು, ಕೊನೆಯ ಮೂರು ದಿನ ಶೇ 65ಕ್ಕೂ ಮೇಲೆ.

ಹದಿನೆಂಟನೆಯ ದಿನ ಹೊರಳಿಸುವುದು ಬಂದ್. ಇನ್ನು ಒಳಗಿನವನದೇ ಆಟ! ಅಷ್ಟರಲ್ಲಿ ಮರಿ ತನ್ನ ಎಲುಬಿಗೆ ಬೇಕಾದ ಸುಣ್ಣದ ಬಹುಪಾಲನ್ನು ಚಿಪ್ಪಿನಿಂದಲೇ ಹೀರಿಕೊಂಡಿರುತ್ತದೆ. ಜೈಲಿನ ಗೋಡೆ ತಿಂದು ಎಲುಬು ಕಟ್ಟಿಕೊಳ್ಳುವ ಕೈದಿ, ಕೊನೆಗೆ ಆ ತೆಳುವಾದ ಗೋಡೆಯನ್ನೇ ಒಡೆಯುತ್ತದೆ! ಮೊದಲು ದಪ್ಪ ತುದಿಯ ಗಾಳಿಗೂಡಿಗೆ ಕೊಕ್ಕು ತೂರಿಸಿ ಪುಪ್ಪುಸದಿಂದ ಮೊದಲ ಉಸಿರು ಎಳೆಯುತ್ತದೆ. ಅಲ್ಲಿಯವರೆಗೆ ಅದು ಉಸಿರಾಡಿದ್ದು ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳ ಮೂಲಕ. ಚಿಪ್ಪಿನೊಳಗಿಂದಲೇ ‘ಚಿಂವ್’ ಕೇಳಿಸುತ್ತದೆ! ಕೊಕ್ಕಿನ ತುದಿಯಲ್ಲೊಂದು ಪುಟ್ಟ ಗಟ್ಟಿ ಮೊಳೆ, ಕತ್ತಿನ ಹಿಂದೆ ಈ ಒಂದು ಕೆಲಸಕ್ಕೆಂದೇ ಉಬ್ಬಿದ ಸ್ನಾಯು. ಕುಟ್ಟುತ್ತ, ಸುಸ್ತಾಗಿ ಮಲಗುತ್ತ, ಮತ್ತೆ ಕುಟ್ಟುತ್ತ ಒಳಗೇ ಸುತ್ತು ಹೊಡೆದು ಚಿಪ್ಪಿನ ಮುಚ್ಚಳ ಕತ್ತರಿಸುತ್ತದೆ. ನೋಡುವವರ ಬೆರಳು ತುರಿಸುತ್ತದೆ, ಒಂದು ಚೂರು ಚಿಪ್ಪು ತೆಗೆದರೆ ಏನಾದೀತು ಎಂದು. ಮನೆಯ ಹಿರಿಯರ ಮಾತು ಒಂದೇ: “ಕೈ ಹಚ್ಚಬ್ಯಾಡ ತಮ್ಮಾ, ಅದರ ಪಾಡಿಗೆ ಅದು ಬರ್ತದ.” ಸರಿಯಾದ ಮಾತು. ಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಇರುತ್ತದೆ, ಹಳದಿ ಇನ್ನೂ ಹೊಟ್ಟೆಯೊಳಗೆ ಪೂರ್ತಿ ಸೇರಿರುವುದಿಲ್ಲ.

ಆ ಹಳದಿಯೇ ಮರಿಯ ಬುತ್ತಿ. ಅದರ ಬಲದಲ್ಲಿ ಸುಮಾರು ಮೂರು ದಿನ ಮೇವಿಲ್ಲದೆ ಇರಬಲ್ಲದು. ದಿನದ ಮರಿಗಳು ರಟ್ಟಿನ ಡಬ್ಬಿಯಲ್ಲಿ ಊರೂರು ಸುತ್ತಿಯೂ ಬದುಕುವುದು ಹೀಗೆ. ಮೈಯ ತುಪ್ಪಳ ಒಣಗುವ ತನಕ ಡಬ್ಬಿಯಲ್ಲೇ ಬಿಟ್ಟು, ಆಮೇಲೆ ಬೆಲ್ಲದ ನೀರು, ಸಣ್ಣಗೆ ಒಡೆದ ಜೋಳದ ನುಚ್ಚು. ಮೊದಲ ವಾರ 33-35 ಡಿಗ್ರಿ ಬೆಚ್ಚಗಿರಬೇಕು, ಅದಕ್ಕೊಂದು ಬಲ್ಬು. ಮಳೆಗೆ ಕಾಯದೆ ಮೇ ತಿಂಗಳಲ್ಲೇ ಮರಿ ಮಾಡಿಸಿದ್ದರೆ, ಬಳಿಚಕ್ರದ ಹಗಲಿಗೆ ಆ ಬಲ್ಬೂ ಬೇಡ. ಹೊತ್ತು ಮುಳುಗಿದ ಮೇಲೆ ಹಚ್ಚಿದರೆ ಸಾಕು.